ಶಾಂತಕ್ಕ ಹೇಳಿದ ನನ್ನ ನಡತೆ

ಗೆಳೆಯರೇ, ಮಕ್ಕಳ ಬೇಸಿಗೆ ಶಿಬಿರದಲ್ಲಿ ಕಥೆ ಹೇಳಲು ಒಪ್ಪಿದ್ದೇ ತಡ, ನನ್ನ ನಡತೆ ವಿಚಾರಿಸಲು ಇವತ್ತು ಚಿತ್ತವಾಡ್ಗಿಯ ನಮ್ಮ ಓಣಿಗೆ ಮಫ್ತಿಯಲ್ಲಿ ಪೊಲೀಸರೊಬ್ಬರು ಬಂದರು. ಪಕ್ಕದ ಮನೆಯ ಶಾಂತಕ್ಕ ಅವರನ್ನು ಹೆಣ್ಣಿನ ಕಡೆಯವರೆಂದೇ ತಿಳಿದರು. ನಾನು ಕಿಟಕಿಯಲ್ಲಿದ್ದೆ.

“ಹುಡುಗ ಬಂಗಾರ ರೀ. ಸಿಟ್ಟಂದ್ರ ಏನಂತ ಗೊತ್ತಿಲ್ಲ. ಕಣ್ಣು ಮುಚ್ಚಿ ಹೆಣ್ಣು ಕೊಡ್ರಿ!”

“ಹೆಣ್ಣಲ್ಲಮ್ಮ, ಇವರ ಕೈಗೆ ಮಕ್ಕಳನ್ನ ಒಪ್ಪಿಸ್ಬೇಕು. ನಾನು ಪೊಲೀಸ್.”

ಶಾಂತಕ್ಕ ಕುರ್ಚಿ ಎಳೆದರು. “ಹಂಗಾದ್ರ ಕುಂದ್ರಿ, ಖರೇ ಹೇಳ್ತೀನಿ. ಕಾಂಪೌಂಡಿಗೆ ಬಿದ್ದ ಹುಡುಗರ ಚೆಂಡು ಒಂದೂ ವಾಪಸ್ ಕೊಟ್ಟಿಲ್ಲ ಇಂವ.”

“ಮತ್ತ ಬಂಗಾರ ಅಂದ್ರಿ?”

“ಅದು ಮದುವಿ ಮಾತು ರೀ. ಹೆಂಡ್ತಿ ಬಂದು ತಿದ್ಕೊಂತಾಳ. ಮಕ್ಕಳು ಹೆಂಗ ತಿದ್ದತಾವ?”

ಪೊಲೀಸರು ಬರೆದುಕೊಂಡರು.

ಈಗ ಅಟ್ಟದಿಂದ ಚೆಂಡಿನ ಚೀಲ ಇಳಿಸುತ್ತಿದ್ದೇನೆ. ನಿಮ್ಮ ಮಕ್ಕಳದ್ದೂ ಇದ್ದರೆ ಬಂದು ಒಯ್ಯಿರಿ. ಹೋಗುವಾಗ ಮಾತ್ರ ಶಾಂತಕ್ಕನಿಗೆ ಕಾಣುವ ಹಾಗೆ ಹೋಗಿ.