ಈರಪ್ಪ ಕಾಕಾ ಅಳೆದ ಹಲಗೆ

ಕೆನಡಾದ ಥಾರ್ನ್‌ಹಿಲ್‌ನ ನಮ್ಮ ಬೀದಿಯಲ್ಲಿ ಸೋನಾ ಮಸೂರಿ ಅಕ್ಕಿಯನ್ನು ಬೆನ್ನಿಗೆ ಹೊತ್ತು ಹಿಮದಲ್ಲಿ ಸುತ್ತು ಹಾಕುತ್ತಿದ್ದವರು ಈರಪ್ಪ ಕಾಕಾ ಒಬ್ಬರೇ. ಬೆನ್ನುಚೀಲದೊಳಗೆ ಅಕ್ಕಿ, ಕಾಲಿಗೆ ಹೊಸ ಬೂಟು, ತಲೆಗೆ ತೀರಿಕೊಂಡ ಹೆಂಡತಿ ಹೆಣೆದಿದ್ದ ಉಣ್ಣೆ ಟೋಪಿ. ನಮ್ಮವರು ಯಾರಾದರೂ ಕಾರು ನಿಲ್ಲಿಸಿ ಡ್ರಾಪ್ ಬೇಕಾ ಅಂದರೆ, "ಬ್ಯಾಡ್ರಿ, ಗುಡ್ಡಾ ಹತ್ತಾಕ ಹೊಂಟೀನಿ" ಅನ್ನುವರು. ಗುಡ್ಡ ಇದ್ದದ್ದು ದೇಶದ ಇನ್ನೊಂದು ಕಡೆ, ರಾಕೀಸ್ ಪರ್ವತದಲ್ಲಿ.

ಹುಬ್ಬಳ್ಳಿಯವರು, ಓಕ್‌ವಿಲ್‌ನಲ್ಲಿ ಕಾರು ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. ಏನು ಮಾಡುವುದಿದ್ದರೂ ಮೊದಲೊಮ್ಮೆ ಸುಮ್ಮನೆ ಮಾಡಿ ನೋಡಬೇಕು ಅವರಿಗೆ. ಇಂಡಿಯಾಕ್ಕೆ ಹೊರಡುವ ಹಿಂದಿನ ದಿನ ಸೂಟ್‌ಕೇಸು ತುಂಬಿಕೊಂಡು ವಿಮಾನ ನಿಲ್ದಾಣದವರೆಗೆ ಹೋಗಿ ವಾಪಸು ಬರುತ್ತಿದ್ದರು. ಇನ್ನೊಂದು ಗುಣವೆಂದರೆ, ಯಾರು ಏನು ಕೆಡಿಸಿದರೂ ತಾವು ಹೊತ್ತುಕೊಳ್ಳುವುದು. ಪಕ್ಕದ ಬೀದಿಯ ಸುಮಾ ಯುಗಾದಿ ಊಟದ ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ, ಯಾರೂ ಕೇಳುವ ಮೊದಲೇ "ನಂದ ಕೈ ಜಾರಿತ್ರೀ" ಅಂದಿದ್ದರು.

ಕಾಕಾ ಹತ್ತಬೇಕೆಂದಿದ್ದ ಬೆಟ್ಟದ ಮೇಲೆ ಚಾರಣಿಗರು ತಂಗುವ ಮರದ ಮನೆಯೊಂದಿದೆ; ಅದಕ್ಕೆ ರಸ್ತೆಯಿಲ್ಲ. ದಿನವಿಡೀ ಹತ್ತಬೇಕು, ಊಟ ಹಾಸಿಗೆ ಎಲ್ಲ ಹೊತ್ತೇ ಒಯ್ಯಬೇಕು. ರಾತ್ರಿ ಅಪರಿಚಿತರೂ ಸೇರಿ ಎಲ್ಲರೂ ಒಂದೇ ಉದ್ದನೆಯ ಹಲಗೆಯ ಮೇಲೆ ಸಾಲಾಗಿ ಮಲಗಬೇಕು. ಕಾಕಾ, ಸುಮಾ, ಅವಳ ಗಂಡ ರಘು, ನಾನು, ಹೀಗೆ ನಾಲ್ವರಿಗೆ ಜಾಗ ಸಿಕ್ಕಿತ್ತು. ಕಾಕಾ ಬಿಡುತ್ತಾರೆಯೇ? ತಮ್ಮ ಬೇಸ್‌ಮೆಂಟಿನ ನೆಲಕ್ಕೆ ಟೇಪು ಅಂಟಿಸಿ, ನಮಗೆ ಸಿಗುವ ಹಲಗೆಯ ಅಗಲ ಗುರುತು ಮಾಡಿ, ಹೀಟರ್ ಆರಿಸಿ, ಒಂದು ರಾತ್ರಿ ನಮ್ಮನ್ನು ಅಲ್ಲೇ ಮಲಗಿಸಿದರು.

ಬೆಳಿಗ್ಗೆ ನಾನು ಕಣ್ಣು ಬಿಟ್ಟಾಗ ಸುಮಾ, ರಘು ಮೇಲಿನ ಸೋಫಾಗಳಿಗೆ ಓಡಿಹೋಗಿದ್ದರು.

"ಯಾರಪ್ಪಾ ರಾತ್ರಿಯೆಲ್ಲಾ ಹಿಮ ಬಾಚೋ ಸ್ನೋ ಪ್ಲೋ ಓಡಿಸಿದ್ದು? ಕತ್ತಲಲ್ಲಿ ಗೊತ್ತೇ ಆಗ್ಲಿಲ್ಲ" ಅಂದಳು ಸುಮಾ.

ಕಾಕಾ ಉಪ್ಪಿಟ್ಟು ತಿರುವುತ್ತಲೇ, "ನಾನವ್ವಾ. ನನ್ನ ಮೂಗ ನೆಟ್ಟಗಿಲ್ಲ" ಅಂದರು.

"ಕಾಕಾ, ನೀವು ಬಂದ್ರೆ ಕರಡಿಗಳು ಬೆಟ್ಟ ಖಾಲಿ ಮಾಡ್ಕೊಂಡು ಹೋಗ್ತವೆ" ಅಂದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಕಾ.

ಕಥೆ ಹೇಳುವುದು ನನ್ನ ಚಟ. ಹೋದ ಮನೆಯಲ್ಲೆಲ್ಲ ಕಾಕಾರ ಗೊರಕೆಯನ್ನು ಮಾಡಿ ತೋರಿಸಿದೆ. ತೋರಿಸುತ್ತ ತೋರಿಸುತ್ತ ನನಗೇ ಮುಜುಗರ ಹುಟ್ಟಿತು: ಅಲ್ಲಿ ಪಕ್ಕದಲ್ಲಿ ಮಲಗುವ ಬಿಳಿಯರು ನಮ್ಮವರ ಬಗ್ಗೆ ಏನಂದುಕೊಂಡಾರು? ಹೊರಡುವ ಮುಂಚೆ ಹೋಗಿ ಹೇಳಿಯೂಬಿಟ್ಟೆ. "ಬೇಜಾರು ಮಾಡ್ಕೋಬೇಡಿ ಕಾಕಾ. ಬೇರೆ ಜನಾನೂ ಇರ್ತಾರಲ್ಲ. ಈ ಸಲ ನೀವು ಬರದೇ ಇದ್ರೆ..."

ಅವರು ಬೂಟಿಗೆ ಮೇಣ ತಿಕ್ಕುತ್ತಿದ್ದರು. ನನ್ನ ಮುಖ ನೋಡಿದರು. ಮತ್ತೆ ಬೂಟಿನ ಕಡೆ ತಿರುಗಿದರು. "ಖರೇ ಐತಿ ಬಿಡಪಾ. ನೀವು ಹೋಗಿ ಬರ್ರಿ."

ಬಾಗಿಲವರೆಗೆ ಬಂದು, ಕಿವಿಗೆ ಇಟ್ಟುಕೊಳ್ಳುವ ಬಿರಡೆಗಳ ಡಬ್ಬಿಯೊಂದನ್ನು ಕೈಗಿಟ್ಟರು. "ಸುಮಾ, ರಘು ಇಬ್ಬರಿಗೂ ಕೊಡು."

"ನೀವೇ ಬರಲ್ವಲ್ಲ ಕಾಕಾ, ಇದ್ಯಾಕೆ?"

"ಇರ್ಲಿ, ಇಟ್ಟಿರು."

ಇಟ್ಟುಕೊಂಡೆ. ಕೊಡಲಿಲ್ಲ.

ಬೆಟ್ಟದ ಮನೆಯಲ್ಲಿ ಬೆಳಗಾದಾಗ ಹಲಗೆಯ ಮೇಲೆ ನಾನೊಬ್ಬನೇ ಇದ್ದೆ. ಕೆಳಗೆ ಒಲೆಯ ಸುತ್ತ ಸುಮಾ, ರಘು, ಅಪರಿಚಿತರೆಲ್ಲ ಹೊದ್ದುಕೊಂಡು ಕೂತಿದ್ದರು, ಕಣ್ಣು ಕೆಂಪಗೆ. ಯಾರೂ ನಗಲಿಲ್ಲ.

"ಅವತ್ತೂ ಕಾಕಾ ಅಲ್ಲ ಕಣೋ" ಅಂದಳು ಸುಮಾ, ಮೆಲ್ಲಗೆ.

ಮನೆಯಲ್ಲಿ ಒಂಟಿಯಾಗಿ ಮಲಗುವವನಿಗೆ ಅವನ ಗೊರಕೆಯ ವಿಷಯ ಹೇಳುವವರು ಯಾರು? ಅವತ್ತು ಪಕ್ಕದಲ್ಲೇ ಮಲಗಿ ಕೇಳಿಸಿಕೊಂಡಿದ್ದ ಕಾಕಾ ನನ್ನ ಮಾನ ಮುಚ್ಚಲು ಹೋಗಿ ತಮ್ಮ ಬೆಟ್ಟವನ್ನೇ ಬಿಟ್ಟುಕೊಟ್ಟಿದ್ದರು.

ವಾಪಸು ಬಂದು ಅವರೆದುರು ಕೂತಾಗ ತಲೆ ಎತ್ತಲಾಗಲಿಲ್ಲ. ಕಾಕಾ ಕೇಳಿದ್ದು ಬೆಟ್ಟದ ಸುದ್ದಿಯನ್ನಷ್ಟೇ: ಹಿಮ ಎಲ್ಲಿಂದ ಶುರು, ನೀರು ಎಲ್ಲಿಂದ ತಂದಿರಿ, ಕಿಟಕಿಯಿಂದ ಏನು ಕಾಣುತ್ತದೆ. ಕೊನೆಗೆ ನೆಲದ ಟೇಪು ತೋರಿಸಿದರು. "ಹಲಗಿ ಅಗಲ ಸಾಕಾತೇನು?"

"ಸಾಕಾಯ್ತು ಕಾಕಾ. ಎಲ್ಲರೂ ಎದ್ದು ಹೋಗಿದ್ರು."

ಅವರು ನಗಲಿಲ್ಲ. "ಕೂಡು, ಚಹಾ ಮಾಡ್ತೀನಿ" ಎಂದು ಎದ್ದರು.

ಆ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಬೇಸ್‌ಮೆಂಟು ಖಾಲಿ ಮಾಡಲು ಹೋದಾಗ ಮೆಟ್ಟಿಲ ಬಳಿ ಆ ಬೂಟುಗಳಿದ್ದವು. ಎತ್ತಿ ನೋಡಿದೆ. ಅಡಿಯಲ್ಲಿ, ಹಿಮ ಕರಗಲೆಂದು ನಮ್ಮ ಬೀದಿಗೆ ಎರಚುವ ಉಪ್ಪಿನ ಬಿಳಿ ಕಲೆ ಬಿಟ್ಟರೆ, ಕಲ್ಲಿನ ಒಂದು ಗೀರೂ ಇರಲಿಲ್ಲ.