ಟ್ರೈಲರಿನ ಮೇಲಂತಸ್ತು

ಮಹಾಶ್ವೇತಾ ಅವರಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ. ಗಂಡ ಶಿವಪ್ರಕಾಶರ ಜೊತೆ ಸಿಡ್ನಿಯಿಂದ ಇಡೀ ದಿನ ದೋಣಿಯ ಟ್ರೈಲರ್ ಎಳೆದುಕೊಂಡು ಮೆಲ್ಬರ್ನಿನ ಹಾಯಿದೋಣಿ ಕ್ಲಬ್ಬಿನ ಗೇಟಿಗೆ ಬಂದು ಇಳಿದಾಗ ಆ ಕಿವಿ ಕಾದ ಹಂಚಿನಂತಾಯಿತು.

ಮಹಾಶ್ವೇತಾ ಧಾರವಾಡದವರು. ಮನೆ ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ, ಹತ್ತಿರದ ಬ್ಲ್ಯಾಕ್‌ಟೌನಿನಲ್ಲಿ ಹಲ್ಲಿನ ಡಾಕ್ಟರು. ಹಾಯಿದೋಣಿ ಕಲಿಯಲು ಸೇರಿಸಿದ್ದ ಮಗಳು 'ಬೋರಿಂಗ್' ಎಂದು ಬಿಟ್ಟುಬಿಟ್ಟಳು. ಕಟ್ಟಿದ ಫೀಸು ದಂಡವಾಗಬಾರದೆಂದು ತಾಯಿಯೇ ಹೋದರು. ನೀರೆಂದರೆ ಹೆದರುತ್ತಿದ್ದವರು ಅಲ್ಲೇ ಅಂಟಿಕೊಂಡರು. ಈ ವರ್ಷ ಸಿಡ್ನಿಯ ಪಂದ್ಯದಲ್ಲಿ ಎಲ್ಲರನ್ನೂ ಹಿಂದೆ ಹಾಕಿದರು. ಈಗ ಮೆಲ್ಬರ್ನಿಗೆ ಬಂದದ್ದು ಅದರದೇ ದೊಡ್ಡ ಪಂದ್ಯಕ್ಕೆ.

ಆ ಪಂದ್ಯದ ಧರ್ಮವೇ ಎಲ್ಲರ ದೋಣಿಯೂ ಒಂದೇ ಅಳತೆ, ಒಂದೇ ಹಾಯಿ ಎಂಬುದು. ಗೆಲ್ಲಬೇಕಾದ್ದು ಕೈ, ದೋಣಿಯಲ್ಲ. ಮಹಾಶ್ವೇತಾರ ದೋಣಿಯೂ ಅದೇ ಅಳತೆಯದು, ಕಟ್ಟಿದ ಕಂಪನಿ ಮಾತ್ರ ಬೇರೆ.

ಗೇಟಿನಲ್ಲಿ ತಡೆದವನು ಸುದರ್ಶನ್, ಅವರದೇ ಸಿಡ್ನಿ ಕ್ಲಬ್ಬಿನ ಸೆಕ್ರೆಟರಿ, ಈ ಪಂದ್ಯದ ಕಮಿಟಿಯಲ್ಲೂ ಇದ್ದವನು. ಬೆಂಗಳೂರಿನವನು. ಅವರ ಮನೆಯ ಹೋಳಿಗೆಯನ್ನು ಎಷ್ಟು ಸಲ ಬಡಿಸಿಕೊಂಡು ತಿಂದಿದ್ದನೋ!

"ಸಾರಿ ಮೇಡಂ. ಇನ್ಮೇಲೆ ಸ್ಪಾನ್ಸರ್ ಕಂಪನಿ ಬೋಟ್ ಮಾತ್ರ ಅಲೋ ಮಾಡ್ತಾರೆ. ಕಮಿಟೀಲಿ ಪಾಸ್ ಆಗಿದೆ."

"ಅಳತಿ ತಗೊಂಡು ನೋಡು. ಒಂದು ನೂಲು ಹೆಚ್ಚುಕಮ್ಮಿ ಇದ್ರ ಹೇಳು."

"ಅಳತೆ ಕರೆಕ್ಟಾಗೇ ಇದೆ. ಬೋಟ್ ಮೇಲಿರೋ ಕಂಪನಿ ಬ್ಯಾಡ್ಜ್ ಪ್ರಾಬ್ಲಮ್."

"ಯಾವಾಗ ಪಾಸ್ ಆತು?"

"ಹೋದ ವಾರ," ಎಂದು ಅವನು ನೆಲ ನೋಡಿದ.

ಹೋದ ವಾರ! ಈ ಮಹಾನುಭಾವ ವಿಮಾನದಲ್ಲಿ ಆರಾಮಾಗಿ ಹಾರಿ ಬಂದಿದ್ದ. ಅವನ ದೋಣಿ ಬಂದದ್ದು ಮಹಾಶ್ವೇತಾರ ಎರಡಂತಸ್ತಿನ ಟ್ರೈಲರಿನ ಮೇಲಂತಸ್ತಿನಲ್ಲಿ, ಅವರೇ ಬಿಗಿದ ಹಗ್ಗದಲ್ಲಿ.

"ಮೊದ್ಲ ಹೇಳಿದ್ರ ನಿನ್ನ ದೋಣಿ ಯಾರು ಹೊತ್ಕೊಂಡು ಬರ್ತಿದ್ರು, ಹೌದಲ್ಲ?"

ನಾಚಿಕೆಗೆಟ್ಟವನು, ತನ್ನ ದೋಣಿಯನ್ನು ಮಾತ್ರ ಜೋಪಾನವಾಗಿ ಇಳಿಸಿಕೊಂಡು ಒಳಗೆ ಹೋದ.

ಮರುದಿನ ಮಹಾಶ್ವೇತಾ ಕ್ಲಬ್ಬಿನ ಪಕ್ಕದಲ್ಲೇ, ಊರ ಜನರೆಲ್ಲ ದೋಣಿ ಇಳಿಸುವ ಜಾಗದಿಂದ ನೀರಿಗಿಳಿದರು. ಕಡಲು ಯಾರಪ್ಪನ ಮನೆಯ ಆಸ್ತಿಯೂ ಅಲ್ಲವಲ್ಲ. ಯಾರಿಗೂ ಅಡ್ಡ ಬರದೆ, ಹೊರಬದಿಯ ಉದ್ದ ದಾರಿಯಲ್ಲೇ, ಪಂದ್ಯದವರ ಜೊತೆಗೇ ಹೊರಟರು. ಸುದರ್ಶನ್ ಇನ್ನೂ ಹಿಂದೆ ಒದ್ದಾಡುತ್ತಿರುವಾಗಲೇ ಪಂದ್ಯ ಮುಗಿಯುವ ಕೊನೆಯ ಗುರುತು ದಾಟಿದರು. ಪ್ರತಿ ದೋಣಿ ದಾಟಿದಾಗಲೂ ಕೂಗುವ ಕ್ಲಬ್ಬಿನ ಹಾರ್ನ್ ಅವರಿಗೆ ಕೂಗಲಿಲ್ಲ.

ಸಂಜೆ ಕಾರು ಹೊರಡುವಾಗ ಸುದರ್ಶನ್ ಓಡಿ ಬಂದ. "ಮೇಡಂ, ನನ್ ಬೋಟು?"

"ನನ್ನ ಟ್ರೈಲರಿಗೆ ನಿಮ್ಮ ಕಂಪನಿ ಬ್ಯಾಡ್ಜ್ ಇಲ್ಲಲ್ಲಪಾ," ಎಂದು ಮಹಾಶ್ವೇತಾ ಗಾಜು ಏರಿಸಿದರು.

ಹೆದ್ದಾರಿ ಸೇರಿದರೂ ಶಿವಪ್ರಕಾಶರಿಗೆ ನಗು ತಡೆಯಲಾಗಲಿಲ್ಲ. "ಬರೋಬ್ಬರಿ ಹೇಳಿದಿ ನೋಡು!"

ಮಹಾಶ್ವೇತಾ ನಗಲಿಲ್ಲ. ಕಿವಿ ಇನ್ನೂ ಕೆಂಪಾಗಿಯೇ ಇತ್ತು.

"ನಗಬ್ಯಾಡ್ರಿ," ಎಂದರು. "ನನಗ ಆ ಹಾರ್ನ್ ಬೇಕಾಗಿತ್ತು."