ಇಬ್ಬರು ತಿಂದ ಬದು

ಆಗೆಲ್ಲ ನಮ್ಮ ಮುಂಡರಗಿ ಕಡೆ ಎರೆಹೊಲದ ಬದು ಅಂದರೆ ಚಕ್ಕಡಿ ಹೋಗುವಷ್ಟು ಅಗಲ. ನಮ್ಮ ಹೊಲಕ್ಕೂ ಕೆಳಗಿನ ಫಕೀರಪ್ಪ ಕಾಕಾನ ಹೊಲಕ್ಕೂ ನಡುವೆ ಅಂಥದ್ದೊಂದು ಇತ್ತು, ಮೇಲೊಂದು ಬಾರಿಹಣ್ಣಿನ ಗಿಡ. ಮಳೆನೀರನ್ನು ಹಿಡಿದು ನಿಲ್ಲಿಸುತ್ತಿದ್ದುದು ಅದೇ. ಆ ನೀರು ಇಂಗಿದರೆ ಹಿಂಗಾರಿ ಜೋಳ, ಇಲ್ಲದಿದ್ದರೆ ಇಲ್ಲ.

ಇದು ಗೊತ್ತಿದ್ದೂ ಅಪ್ಪ ವರ್ಷವರ್ಷ ಕುಂಟೆ ಹೊಡೆಯುವಾಗ ಗೇಣು ಬದು ಕೆರೆದು ಹೊಲಕ್ಕೆ ಸೇರಿಸುತ್ತಿದ್ದ. ಆ ಕಡೆಯಿಂದ ಕಾಕಾನೂ ಅಷ್ಟೇ. ಇಬ್ಬರಿಗೂ ಎದುರಿನವನೇ ಕಳ್ಳ!

ನಾನು ಆರನೇ ಇಯತ್ತೆ ಇದ್ದಾಗ ಅಪ್ಪ ನನ್ನ ಪಾಟೀಚೀಲವನ್ನು ಗೂಟಕ್ಕೆ ನೇತುಹಾಕಿದ. "ಹದಿನೈದು ದಿನ ಬದು ಕಾಯಿ. ಅಂವ ಕುಂಟಿ ಹಚ್ಚಿದ್ರ ಬಂದು ಹೇಳು. ಶಾಲಿ ಎಲ್ಲಿ ಓಡಿ ಹೊಕ್ಕೈತಿ?"

ಹೋಗಿ ನೋಡಿದರೆ ಕಾಕಾನ ಮಗ ಮಲ್ಲ್ಯಾನೂ ಗಿಡದ ಬುಡಕ್ಕೆ ಕೂತಿದ್ದ. ಅವನ ಶಾಲೆಯೂ ಬಂದ್.

"ನಿಮ್ಮಪ್ಪ ಕಳ್ಳಂತ," ಅಂದ.

"ನಿಮ್ಮಪ್ಪನೂ ಕಳ್ಳಂತ," ಅಂದೆ.

ನಮ್ಮ ಜಗಳ ಅಷ್ಟಕ್ಕೇ ಮುಗಿಯಿತು. ಅವನ ಬುತ್ತಿಯ ಗುರೆಳ್ಳು ಚಟ್ನಿ, ನಮ್ಮವ್ವನ ಕಟಕರೊಟ್ಟಿ, ಆಮೇಲೆ ಸಂಜೆತನಕ ಚಿಣಿಫಣಿ ಆಟ.

ಉತ್ತರಿ ಮಳೆ ಒಂದೇ ಸಂಜೆ ಸುರಿಯಿತು. ನಮ್ಮ ಹೊಲ ತುಂಬಿ, ತೆಳ್ಳಗಾಗಿದ್ದ ಬದುವಿನಲ್ಲಿ ಮುಷ್ಟಿಗಾತ್ರದ ಕಂಡಿ ಬಿತ್ತು. ನಾವಿಬ್ಬರೂ ಅದಕ್ಕೆ ಬೆನ್ನು ಕೊಟ್ಟು ಕೂತು ಒದರಿದೆವು. ಅಪ್ಪಂದಿರು ಸಲಿಕೆ ಹಿಡಿದು ಓಡಿ ಬಂದರು. ಬಂದವರು ಮಣ್ಣು ಹಾಕಬೇಕೋ ಬೇಡವೋ?

"ಫಕೀರಾ, ಬದು ನಂದು ನಂದು ಅಂತಿದ್ದೆಲ್ಲಾ, ಈಗ ಕಟ್ಟು!"

"ನಿನ್ನ ಹೊಲದ ನೀರು, ನೀನ ಕಟ್ಟಲೇ!"

"ಯಪ್ಪಾ, ಮೊದಲ ಮಣ್ಣು ಹಾಕ್ರಿ!" ಅಂದೆ ನಾನು.

"ನೀ ಸುಮ್ಮನಿರಲೇ, ದೊಡ್ಡವರು ಮಾತಾಡಾಕ ಹತ್ತೇವಿ."

ಅವರ ಮಾತು ಮುಗಿಯುವುದರೊಳಗೆ ಬಾರಿಗಿಡ ಸಮೇತ ಬದು ಕುಸಿಯಿತು. ನಮ್ಮನ್ನು ಕೆಸರಿನಿಂದ ರಟ್ಟೆ ಹಿಡಿದು ಎಳೆಯುವಾಗಲೂ ಇಬ್ಬರೂ ಬೈಯುತ್ತಲೇ ಇದ್ದರು. ನಮ್ಮ ನೀರು ಹೋಯಿತು, ಕಾಕಾನ ಹೊಲದ ಮೇಲ್ಮಣ್ಣು ಕೊಚ್ಚಿಹೋಯಿತು. ಆ ವರ್ಷ ಎರಡೂ ಮನೆಗೆ ಜೋಳ ಬರಲಿಲ್ಲ. ನಾನೂ ಮಲ್ಲ್ಯಾನೂ ಕೂಲಿಗೆ ಹೋದೆವು. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ.

ಅಂದಿನಿಂದ ರಟ್ಟೆ ನಂಬಿ ದುಡಿದಿದ್ದೇನೆ, ಯಾರ ಮುಂದೆಯೂ ಕೈಯೊಡ್ಡಿಲ್ಲ. ಅಪ್ಪ ಇಲ್ಲ, ಕಾಕಾನೂ ಇಲ್ಲ. ಬದುವಿದ್ದಲ್ಲಿ ತಂತಿಬೇಲಿ ಇದೆ; ಅದರಲ್ಲಿ ನೀರು ನಿಲ್ಲುತ್ತದೆಯೇ? ಮೊನ್ನೆ ಮಲ್ಲ್ಯಾನಿಗೆ, "ಬದು ಕಟ್ಟೂನಲೇ," ಅಂದೆ.

"ಕಟ್ಟೂನು. ಮಣ್ಣು ಯಾರ ಹೊಲದ್ದು ತಗೊಳ್ಳೂದು?"

ಒಂದೇ ಬುತ್ತಿ ಉಂಡವನು ಕೇಳುವ ಮಾತೇ ಇದು? ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದೆ.

"ನಿಂದು," ಅಂದೆ.